ಎರಡು ಗಂಟೆ ಕುದಿಯಬೇಕಿದ್ದ ಬೇರು

ಎಂಬತ್ತರ ದಶಕದ ಒಂದು ಚಳಿಗಾಲದಲ್ಲಿ ಅತ್ತೆ ಉಡುಪಿಯಿಂದ ಕ್ಯುಪರ್ಟಿನೋದ ನಮ್ಮ ಅಪಾರ್ಟ್‌ಮೆಂಟಿಗೆ ಬಂದಿದ್ದರು. ಬಂದ ವಾರದಲ್ಲೇ ಅವರ ಮೊಣಕಾಲು ಹಿಡಿದುಕೊಂಡಿತು. ಮಾತ್ರೆ ನುಂಗಿದರೆ ಹೊಟ್ಟೆಯುರಿ. ಕೊನೆಗೆ ನಾನೇ ಅವರನ್ನು ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿಗೆ, ಒಬ್ಬ ವೃದ್ಧ ವೈದ್ಯರ ಅಂಗಡಿಗೆ ಕರೆದೊಯ್ದೆ.

ವೈದ್ಯರು ಎರಡೂ ಕೈಗಳ ನಾಡಿ ಹಿಡಿದರು, ನಾಲಗೆ ನೋಡಿದರು. ಆಮೇಲೆ ಹೊಲಿಗೆ ಸಡಿಲಾದ ಹಳೆಯ ಪುಸ್ತಕವೊಂದನ್ನು ತೆರೆದು, ಒಂದು ಬೇರಿನ ಚಿತ್ರದ ಮೇಲೆ ಬೆರಳಿಟ್ಟರು. ಅವರು ಚೀನೀ ಭಾಷೆಯಲ್ಲಿ ಹೇಳಿದ್ದನ್ನು ಅಂಗಡಿಯಲ್ಲೇ ಇದ್ದ ಅವರ ಮಗಳು ನಮಗೆ ಇಂಗ್ಲಿಷಿನಲ್ಲಿ ತಿಳಿಸಿದಳು: "ಇದು ವಿಷ ಅಂತ ಪುಸ್ತಕದಲ್ಲೇ ಇದೆ. ಕುದಿಸಿದರೆ ಮಾತ್ರ ಔಷಧಿ. ಮೊದಲು ಇದೊಂದನ್ನೇ ಎರಡು ಗಂಟೆ ಕುದಿಸಿ, ಆಮೇಲೆ ಪೊಟ್ಟಣದಲ್ಲಿರುವ ಉಳಿದ ಮೂಲಿಕೆ ಹಾಕಿ. ಕಡಿಮೆ ಮಾಡಬೇಡಿ."

ಅತ್ತೆ ಬಗ್ಗಿ ಚಿತ್ರ ನೋಡಿದರು. "ನಮ್ಮ ವತ್ಸನಾಭಿಯ ಹಾಗೆಯೇ ಉಂಟಲ್ಲ! ಊರಲ್ಲಿ ಮದ್ದು ಕೊಡುವ ಪಂಡಿತರು ಅದನ್ನು ಗೋಮೂತ್ರದಲ್ಲಿ ಶುದ್ಧಿ ಮಾಡದೆ ಮುಟ್ಟುದಿಲ್ಲ."

ಮೂರು ದಿನ ಹೇಳಿದ ಹಾಗೆಯೇ ಕುದಿಸಿದೆ. ಅತ್ತೆ ಮೆಟ್ಟಿಲು ಹತ್ತಿ ಇಳಿಯತೊಡಗಿದರು. ನಾಲ್ಕನೆಯ ದಿನ ಬೆಳಿಗ್ಗೆ ಏಳುವುದೇ ತಡವಾಯಿತು, ಆಫೀಸಿನಲ್ಲಿ ಮೀಟಿಂಗು ಬೇರೆ. ಎಲ್ಲವನ್ನೂ ಒಟ್ಟಿಗೆ ಹಾಕಿ, ಅರ್ಧ ಗಂಟೆಗೇ ಒಲೆ ಆರಿಸಿ, ಸೋಸಿ ಕೊಟ್ಟೆ.

"ಸಮಾ ಕುದ್ದಿದೆಯಾ?" ಅತ್ತೆ ಕೇಳಿದರು.

"ಹ್ಞೂಂ ಅತ್ತೆ," ಎಂದೆ.

ಹೊರಡಲು ಶೂ ಹಾಕಿಕೊಳ್ಳುತ್ತಿದ್ದಾಗ ಅವರು ಕರೆದರು. "ತುಟಿ ಎಲ್ಲ ಜುಮುಜುಮು ಅಂತ ಉಂಟು ಮಗಾ. ನಾಲಗೆ ಉಂಟೋ ಇಲ್ಲವೋ ಗೊತ್ತಾಗುದಿಲ್ಲ." ಸ್ವಲ್ಪದರಲ್ಲೇ ವಾಂತಿಯಾಯಿತು. ಕೈ ತಣ್ಣಗಾಗಿತ್ತು. ನಾಡಿ ಓಡುತ್ತಿತ್ತು, ತಪ್ಪುತ್ತಿತ್ತು, ಮತ್ತೆ ಓಡುತ್ತಿತ್ತು.

ಎಮರ್ಜೆನ್ಸಿಯಲ್ಲಿ ಡಾಕ್ಟರು ಏನು ಕುಡಿದರೆಂದು ಕೇಳಿದರು. ವತ್ಸನಾಭಿ ಎಂದರೆ ಅವರಿಗೇನು ತಿಳಿಯಬೇಕು? ಅಲ್ಲಿಂದಲೇ ಅಂಗಡಿಗೆ ಫೋನು ಮಾಡಿದೆ. ವೈದ್ಯರ ಮಗಳು ಕೇಳಿದ್ದು ಒಂದೇ: "ಎಷ್ಟು ಹೊತ್ತು ಕುದಿಸಿದಿರಿ?" ಹೇಳಿದೆ. ಅವಳು ತಂದೆಗೆ ತಿಳಿಸಿದ್ದು, ಮುದುಕರು ಏನೋ ಒಂದು ಮಾತು ಆಡಿದ್ದು ಕೇಳಿಸಿತು. ಅದನ್ನು ಅವಳು ನನಗೆ ಇಂಗ್ಲಿಷಿನಲ್ಲಿ ಹೇಳಲಿಲ್ಲ. ನಾನು ಫೋನು ಕೊಟ್ಟಾಗ ಬೇರಿನ ಹೆಸರನ್ನು ಮಾತ್ರ ಡಾಕ್ಟರಿಗೆ ಹೇಳಿದಳು.

ಎರಡು ದಿನ ಅತ್ತೆಯ ಎದೆಗೆ ತಂತಿ ಅಂಟಿಸಿದ್ದರು. ಮೂರನೆಯ ದಿನ ಎದ್ದು ಕೂತರು. ನನ್ನ ಗಂಡ ಮಾತ್ರ ಕುದಿಯುತ್ತಿದ್ದರು. "ಆ ಅಂಗಡಿಯವನ ಮೇಲೆ ಕಂಪ್ಲೇಂಟ್ ಕೊಡ್ತೀನಿ."

"ಅವರದ್ದು ತಪ್ಪಿಲ್ಲ," ಎಂದೆ. "ನಾನು ಅರ್ಧ ಗಂಟೆ ಕುದಿಸಿದ್ದು. ಅತ್ತೆ ಕೇಳಿದಾಗ ಸುಳ್ಳು ಹೇಳಿದೆ."

ಅತ್ತೆ ಮಂಚದ ಮೇಲಿಂದಲೇ ಅದನ್ನು ಕೇಳಿಸಿಕೊಂಡರು. ಊರಿಗೆ ಹೊರಡುವವರೆಗೂ ನನ್ನೊಡನೆ ಮೊದಲಿನ ಹಾಗೆಯೇ ಇದ್ದರು. ಆದರೆ ನಾನು ಕೊಟ್ಟ ಕಾಫಿಯನ್ನು ಮೊದಲು ನಾಲಗೆಯ ತುದಿಗೆ ಮುಟ್ಟಿಸಿ, ಸ್ವಲ್ಪ ಹೊತ್ತು ಕಾದು, ಆಮೇಲೆ ಕುಡಿಯುತ್ತಿದ್ದರು.