ಲಿವರಿನ ಬಸಿಗಾಲುವೆ

"ಅಳತಿ ನಾನೂ ನೋಡಬೇಕ್ರಿ," ಎನ್ನುತ್ತಾ ಆ ಹೆಂಗಸು ನನ್ನ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ಲಿವರ್ ಕೆಟ್ಟುಹೋದ ತಮ್ಮನಿಗೆ ತಮ್ಮದೇ ಲಿವರಿನ ಬಲಭಾಗ ಕೊಡಲೆಂದು, ಹಿರೇಹಡಗಲಿಯಿಂದ ಹರಪನಹಳ್ಳಿಯ ನಮ್ಮ ಸ್ಕ್ಯಾನಿಂಗ್ ಸೆಂಟರಿಗೆ ಬಂದಿದ್ದರು. ಎಲ್ಲಿ ಕತ್ತರಿಸಬೇಕು, ಯಾವ ರಕ್ತನಾಳ ಎಲ್ಲಿದೆ ಎಂದು ಸರ್ಜನ್‌ಗೆ ನಕ್ಷೆ ಮಾಡಿಕೊಡುವುದು ನನ್ನ ಕೆಲಸ. ವರದಿಗೆ ನನ್ನ ಸಹಿಯೊಂದೇ ಬಾಕಿಯಿತ್ತು.

"ಅದು ನಿಮಗೆ ತಿಳಿಯಲ್ಲಮ್ಮಾ," ಎಂದೆ.

"ಅಪ್ಪನ ಹೊಲ ಪಾಲು ಮಾಡಿದಾಗೂ ಹಿಂಗ ಅಂದ್ರು. ನನಗೇನೂ ಬ್ಯಾಡ ಅಂತ ಕಾಗದಕ್ಕ ಸಹಿ ಹಾಕಿಸ್ಕೊಂಡ್ರು. ಈಗ ಅದೇ ತಮ್ಮಗ ನನ್ನ ಪಾಲು ಬೇಕಾಗೈತಿ. ಕೊಡ್ತೀನಿ. ಆದ್ರ ನೋಡೇ ಕೊಡ್ತೀನಿ."

ತೋರಿಸಿದೆ. ಲಿವರಿನ ಎಂಟು ಭಾಗಕ್ಕೆ ಎಂಟು ಬಣ್ಣ. ರಕ್ತ ಒಳಬರುವ ನಾಳ ಕೆಂಪು, ಹೊರಹೋಗುವುದು ನೀಲಿ. ಅವರು ಕೆಳಗಿನ ಮೂಲೆಗೆ ಬೆರಳಿಟ್ಟರು. "ಇಲ್ಲಿಗೆ ನೀರು ಬರ್ತೈತಿ. ಬಸಿಗಾಲುವಿ ಎಲ್ಲೈತಿ? ನೀರು ನಿಂತ್ರ ಹೊಲ ಕೊಳೀತೈತಿ."

ಸಿಟ್ಟು ಬಂತು. ಆದರೂ ಚಿತ್ರಗಳನ್ನು ಒಂದೊಂದಾಗಿ ಮತ್ತೆ ನೋಡಿದೆ. ಆ ಮೂಲೆಯಿಂದ ಒಂದು ನಾಳ ಬೇರೆಯಾಗಿಯೇ ಹೊರಟಿತ್ತು. ನಾನದನ್ನು ಗುರುತಿಸಿಯೇ ಇರಲಿಲ್ಲ. ಸರ್ಜನ್ ಅದನ್ನು ಜೋಡಿಸದೆ ಬಿಟ್ಟಿದ್ದರೆ, ತಮ್ಮನ ಹೊಟ್ಟೆಯೊಳಗೆ ಆ ಭಾಗ ರಕ್ತ ನಿಂತು ಕೆಡುತ್ತಿತ್ತು.

ನೀಲಿ ಬಣ್ಣ ಹಚ್ಚಿದೆ.

"ಈಗ ಪಾಲು ಸರಿ ಆತು. ಹಾಕ್ರಿ ಸಹಿ," ಎಂದು ಎದ್ದರು.

ವರದಿಯನ್ನು ಮೊದಲಿನಿಂದ ಓದಿ ಸಹಿ ಹಾಕಿದೆ. ನೋಡದೆ ಸಹಿ ಹಾಕುವವರು ಹೊಲ ಬಿಟ್ಟುಕೊಟ್ಟ ಅಕ್ಕಂದಿರು ಮಾತ್ರ ಅಂದುಕೊಂಡಿದ್ದೆ.