ಕಾರಿನ ಹೊಟ್ಟೆಗೆ ಸುತ್ತಿಗೆ

ನನ್ನ ಕೈ ಮೊದಲಿನಿಂದಲೂ ಬಾಯಿಗಿಂತ ಮುಂದೆ. ಶಿರಾದಲ್ಲಿ ನನ್ನನ್ನು ಬಲ್ಲವರೆಲ್ಲ ಇದನ್ನು ಒಪ್ಪುತ್ತಾರೆ. ಒಪ್ಪದಿದ್ದವರೂ ಒಂದೇಟು ಬಿದ್ದ ಮೇಲೆ ಒಪ್ಪಿದ್ದಾರೆ. ಹಾಗೆ ಏಟು ತಿಂದವರಲ್ಲಿ ನಮ್ಮೂರಿನ ಟಿಂಕರ್ ಕೆಲಸದ ಉಸ್ತಾದರೂ ಒಬ್ಬರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು.

ಕಾರು ಅಪ್ಪನದು. ಅಪ್ಪ ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂತು, ಜೊತೆಗೆ ಒಂದು ಕೆಲಸವೂ ಬಂತು. ಅಕ್ಕನನ್ನು ದಿನಾ ಗೌಡಗೆರೆ ಕಡೆಯ ಶಾಲೆಗೆ ಬಿಟ್ಟು, ಸಂಜೆ ಕರೆತರುವುದು. ಅಕ್ಕ ಅಲ್ಲಿ ಟೀಚರು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಅವಳ ಎಡಗಾಲಿನಲ್ಲಿ ಬಲವಿಲ್ಲ. ಬಲಗಾಲು ಮತ್ತು ಒಂದು ಕೋಲು, ಇವೆರಡರ ಮೇಲೆಯೇ ಅವಳ ಓಡಾಟ. ಬಸ್ಸಿನ ಮೆಟ್ಟಿಲು ಅವಳಿಂದ ಆಗದು. ಹಿಂದಿನ ಸೀಟಿನ ಎಡಬದಿ ಅವಳ ಖಾಯಂ ಜಾಗ.

ನಮ್ಮ ಸೀಮೆಯವರು ತುಕ್ಕನ್ನು ನಂಬುವುದಿಲ್ಲ. ಮಳೆಯೇ ನೆಟ್ಟಗೆ ಬಾರದ ಕಡೆ ತುಕ್ಕು ಎಲ್ಲಿಂದ ಬರಬೇಕು? ಆದರೆ ನಾವು ಕಾರು ತೊಳೆಯುವುದು ಬೋರ್‌ವೆಲ್ ನೀರಿನಲ್ಲಿ, ಕೊಡದ ಒಳಗೆಲ್ಲ ಬಿಳಿ ಪೊರೆ ಕಟ್ಟುವ ಸೌಳು ನೀರಿನಲ್ಲಿ. ಅಪ್ಪನ ಹಾಗೆ ನಾನೂ ಪ್ರತಿ ಭಾನುವಾರ ಪೈಪು ಹಿಡಿದು ಕಾರಿನ ಅಡಿಗೆ ರಪರಪ ನೀರು ಬಿಡುತ್ತಿದ್ದೆ. ಬಟ್ಟೆಯಲ್ಲಿ ಒರೆಸುತ್ತಿದ್ದುದು ಮಾತ್ರ ನಾಲ್ಕು ಜನಕ್ಕೆ ಕಾಣುವ ಮೇಲ್ಭಾಗವನ್ನು. ಒಂದು ಬೇಸಿಗೆಯಲ್ಲಿ ಬಗ್ಗಿ ನೋಡಿದರೆ ಅಡಿಯೆಲ್ಲ ಕೆಂಪಗೆ ಹೊಪ್ಪಳೆ ಎದ್ದಿತ್ತು. ಏನಾದರೂ ಬಳಿಸೋಣ ಅಂತ ಉಸ್ತಾದರ ಶೆಡ್ಡಿಗೆ ಕಾರು ಬಿಟ್ಟೆ.

ಅವರದು ಒಂದು ಪದ್ಧತಿ. ಬಣ್ಣವಾಗಲಿ ಗ್ರೀಸಾಗಲಿ ಮುಟ್ಟುವ ಮುಂಚೆ ಕಾರಿನ ಕೆಳಗೆ ಮಲಗಿ ಗೇಣು ಗೇಣಿಗೂ ಸುತ್ತಿಗೆಯಿಂದ ಬಡಿಯುತ್ತಾರೆ. ಗಟ್ಟಿ ತಗಡು ಠಣ್ ಅನ್ನುತ್ತದೆ, ಕೊಳೆತ ತಗಡು ಬದ್ ಅನ್ನುತ್ತದೆ. ಬದ್ ಅಂದ ಕಡೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಎಳೆಯುತ್ತಾರೆ. ಪಕ್ಕದಲ್ಲಿ ನಿಂತು ಆ ಬಡಿತ ಕೇಳುವುದು ನನ್ನಿಂದ ಆಗಲಿಲ್ಲ. ಸತ್ತ ಅಪ್ಪನ ಪಕ್ಕೆಗೆ ಯಾರೋ ಗುದ್ದುತ್ತಿದ್ದಾರೆ ಅನ್ನಿಸಿತು.

"ಸಾಕು, ಬಳೀರಿ" ಅಂದೆ.

"ಅರೆ ಭಾಯ್, ಬಡೀದೆ ಬಳೆಯೋನಲ್ಲ ನಾನು. ಒಳಗೆ ಕೀವು ಇಟ್ಕಂಡು ಮೇಲೆ ಪಟ್ಟಿ ಕಟ್ಟಿದ್ರೆ ಆಯ್ತದಾ?"

ಹಾಗಂದು ಡಿಕ್ಕಿಯ ಅಡಿಗೆ ಇನ್ನೊಂದೇಟು ಹಾಕಿದರು. ಸುತ್ತಿಗೆ ಸೀದಾ ಒಳಗೆ ಹೋಯಿತು. ತೆರೆದಿದ್ದ ಡಿಕ್ಕಿಯೊಳಗೆ ತೂತಿನಿಂದ ಬೆಳಕು ಬಂತು. ಕೆಲಸ ಹೆಚ್ಚಿಸಿಕೊಳ್ಳಲು ಬೇಕಂತಲೇ ಒಡೆದ ಅಂತ ನನ್ನ ತಲೆಗೆ ಹೊಕ್ಕಿತು, ಅಷ್ಟೇ ಸಾಕಾಯಿತು. ಅವರ ಕಾಲು ಹಿಡಿದು ಹೊರಗೆ ಎಳೆದೆ, ಕಾಲರ್ ಹಿಡಿದು ಎತ್ತಿದೆ, ಕೆನ್ನೆಗೆ ಬಾರಿಸಿದೆ. ಟೋಪಿ ಆಯಿಲ್ ಡಬ್ಬಿಯೊಳಗೆ ಬಿತ್ತು. ಅವರು ಸುತ್ತಿಗೆ ಎತ್ತಿದರು. ನನ್ನ ತಲೆಯ ಹತ್ತಿರ ತಂದು ನಿಲ್ಲಿಸಿದರು. ಆಮೇಲೆ ಇಳಿಸಿದರು.

"ಹೋಗಿ ಸಾಬ್. ಹಿಂದಿನ ಸೀಟ್ ಕೆಳಗಿಂದು ಮಾತ್ರ ನೋಡ್ಕಳಿ" ಅಂದರು.

ನೋಡಿಕೊಳ್ಳಲಿಲ್ಲ. ಮಧುಗಿರಿ ರಸ್ತೆಗೆ ಟಾರು ಹಾಕುತ್ತಿದ್ದವರಿಂದ ಒಂದು ಟಿನ್ನು ಡಾಂಬರು ಕೇಳಿ ತಂದೆ. ಡಿಕ್ಕಿಯ ತೂತಿಗೆ ತಗಡು ಬಡಿದೆ. ಕಾರಿನ ಕೆಳಗೆ ಅಂಗಾತ ಮಲಗಿ, ಆ ಮುದುಕನನ್ನು ಬಾಯಿಗೆ ಬಂದಂತೆ ಬೈಯುತ್ತಾ, ಎರಡು ಕೋಟು ಬಳಿದೆ. ಅಂಚಿನಲ್ಲಿ ಸಣ್ಣ ಸಣ್ಣ ತೂತುಗಳಿದ್ದವು. ನೀರು ಒಳಗೆ ಹೋಗುವುದೇ ಇಲ್ಲಿಂದ ಅಂತ ಅವನ್ನೂ ಗಿಡಿದು ಮುಚ್ಚಿದೆ. ಒಳಗಿನ ನೀರು ಹೊರಗೆ ಹೋಗಲು ಇರುವ ದಾರಿ ಅದು ಅನ್ನುವುದು ನನಗೆ ಗೊತ್ತಿರಲಿಲ್ಲ. ಕೆಲಸ ಮುಗಿದಾಗ ಅಡಿಯೆಲ್ಲ ಎಮ್ಮೆಯ ಹಾಗೆ ಮಿರಮಿರ ಮಿಂಚುತ್ತಿತ್ತು. ಅಕ್ಕನನ್ನು ಕರೆದು ತೋರಿಸಿ ಬೀಗಿದೆ.

ಮರುವರ್ಷದ ಮಳೆಗಾಲದಲ್ಲಿ, ಬೆಳಗ್ಗೆ ಶಾಲೆಗೆ ಹೋಗುವಾಗ, ಗೌಡಗೆರೆ ರಸ್ತೆಯ ಒಂದು ಹಂಪು ಹಾರಿಸಿದೆ. ಹಿಂದಿನಿಂದ ಅಕ್ಕ ಕಿರುಚಿದಳು. ಅಂಥ ಕಿರುಚಾಟವನ್ನು ನಾನು ಮನುಷ್ಯರಿಂದ ಕೇಳಿರಲಿಲ್ಲ. ಅವಳ ಕಾಲಡಿಯ ತಗಡು ಕಿತ್ತುಹೋಗಿತ್ತು. ಬಲಗಾಲು, ಇದ್ದೊಂದು ಗಟ್ಟಿ ಕಾಲು, ಮಂಡಿಯವರೆಗೆ ಕೆಳಗಿಳಿದು ಓಡುವ ರಸ್ತೆಗೆ ಉಜ್ಜುತ್ತಿತ್ತು. ಬ್ರೇಕು ಒತ್ತಿ ಇಳಿದು ಬರುವಷ್ಟರಲ್ಲಿ ಚಪ್ಪಲಿಯೂ ಇರಲಿಲ್ಲ, ಹಿಮ್ಮಡಿಯ ಚರ್ಮವೂ ಇರಲಿಲ್ಲ. ತಗಡಿನ ಚೂಪು ಅಂಚುಗಳು ಮೀನಖಂಡಕ್ಕೆ ಕಚ್ಚಿಕೊಂಡಿದ್ದವು. ಅವನ್ನು ಬರಿಗೈಯಲ್ಲಿ ಬಗ್ಗಿಸಿದೆ. ನನ್ನ ಬೆರಳೂ ಹರಿದವು. ಡಾಂಬರಿನ ಮೇಲೆ ಇಬ್ಬರ ರಕ್ತ.

"ಕಾಲು ಉಳಿತದೇನ್ಲಾ?" ಆಸ್ಪತ್ರೆ ಸೇರುವವರೆಗೂ ಅವಳು ಕೇಳಿದ್ದು ಅದೊಂದೇ.

ಮೂಳೆ ಉಳಿದಿದೆ, ಆದರೆ ಆ ಕಾಲಿನ ಮೇಲೆ ಭಾರ ಬಿಡಬಹುದೋ ಇಲ್ಲವೋ ಎರಡು ತಿಂಗಳ ಮೇಲೆ ಹೇಳುತ್ತೇವೆ ಅಂದರು ಡಾಕ್ಟರು. ಅವಳು ಮಂಚ ಹಿಡಿದ ವಾರಕ್ಕೆ ನಾನು ಕಾರನ್ನು ಲಾರಿಯ ಹಿಂದೆ ಕಟ್ಟಿಸಿ ಉಸ್ತಾದರ ಶೆಡ್ಡಿಗೆ ಎಳೆಸಿದೆ. ಅವರು ತೂತನ್ನು ನೋಡಿದರು, ನನ್ನ ಕೈಯ ಪಟ್ಟಿಯನ್ನು ನೋಡಿದರು.

"ತಪ್ಪಾಯ್ತು" ಅಂದೆ.

"ಮಾಫಿ ಆಮೇಲೆ. ಕೆಳಗೆ ಮಲಗಿ" ಅಂದು ಸುತ್ತಿಗೆಯನ್ನು ನನ್ನ ಕೈಗೇ ಕೊಟ್ಟರು. "ನೀವೇ ಬಡೀರಿ."

ಬಡಿದೆ. ನನ್ನ ಮೇಲಿನ ಸಿಟ್ಟನ್ನೆಲ್ಲ ಆ ತಗಡಿನ ಮೇಲೆ ತೀರಿಸಿದೆ. ಡಾಂಬರು ಹೆಂಟೆ ಹೆಂಟೆಯಾಗಿ ಉದುರಿತು. ಮುಚ್ಚಿದ್ದ ತೂತುಗಳು ಬಿಚ್ಚಿಕೊಂಡು, ವರ್ಷದಿಂದ ಒಳಗೆ ನಿಂತು ಕೊಳೆತ ಕಪ್ಪು ನೀರು ನನ್ನ ಕಣ್ಣು ಬಾಯಿಗೆಲ್ಲ ಸುರಿಯಿತು. ಅಕ್ಕನ ಸೀಟಿನ ಅಡಿಯಲ್ಲಿ ಡಾಂಬರಿನ ಒಂದು ದೊಡ್ಡ ಚಕ್ಕೆ ಹಾಗೇ ಕಳಚಿ ಎದೆಯ ಮೇಲೆ ಬಿತ್ತು. ತಿರುಗಿಸಿ ನೋಡಿದೆ. ಅದರ ಬೆನ್ನಿಗೆ ಬೆಳ್ಳಗೆ, ಅರ್ಧ ಚಂದ್ರದಷ್ಟು, ಸೀಮೆಸುಣ್ಣದ ಗೆರೆ ಅಂಟಿಕೊಂಡಿತ್ತು. ವೃತ್ತದ ಉಳಿದರ್ಧ ಇದ್ದ ಜಾಗವೇ ಅಕ್ಕನ ಕಾಲು ಇಳಿದ ಆ ತೂತು. ಬಳಿಯುವ ದಿನ ಆ ವೃತ್ತವನ್ನು ನಾನು ನೋಡಿದ್ದೆ. ಅದು ಏನೆಂದೂ ಗೊತ್ತಿತ್ತು. ಮುದುಕನ ಮೇಲಿನ ಹಟಕ್ಕೆ, ಮೊದಲ ಬ್ರಷ್ ಅದರ ಮೇಲೆಯೇ ಎಳೆದಿದ್ದೆ.

ಆ ಚಕ್ಕೆಯನ್ನು ಬಿಸಾಡಬಹುದಿತ್ತು. ಮನೆಗೆ ತಂದು ಅಕ್ಕನ ಮಂಚದ ಮೇಲಿಟ್ಟು ಎಲ್ಲ ಹೇಳಿದೆ.

"ನಿಂಗೆ ಕಂಡಿತ್ತಾ ಇದು?"

"ಕಂಡಿತ್ತು."

"ಕಂಡೂ ಬಳಿದ್ಬುಟ್ಟಾ?"

ನನ್ನನ್ನು ಹತ್ತಿರ ಬಗ್ಗು ಅಂದಳು. ಬಗ್ಗಿದೆ. ಕೋಲು ಹಿಡಿದು ಹಿಡಿದು ಗಟ್ಟಿಯಾದ ಕೈ ಅದು. ಎರಡು ಏಟು ಬಿದ್ದವು, ಎರಡನೆಯದಕ್ಕೆ ತುಟಿ ಒಡೆಯಿತು. ಆಮೇಲೆ ಗೋಡೆ ಕಡೆ ತಿರುಗಿ ಅತ್ತಳು. ನಾನೂ ಅತ್ತೆ.

ಕಾಲು ಉಳಿಯಿತು. ಉಸ್ತಾದರು ಕೊಳೆತದ್ದನ್ನೆಲ್ಲ ಕತ್ತರಿಸಿ ಹೊಸ ತಗಡು ಬೆಸೆದರು, ಸಣ್ಣ ತೂತುಗಳನ್ನು ಬಿಡಿಸಿಟ್ಟರು, ಆಮೇಲೆಯೇ ಬಳಿದರು. ಅಕ್ಕ ಈಗಲೂ ಅದೇ ಜಾಗದಲ್ಲಿ ಕೂರುತ್ತಾಳೆ. ಆದರೆ ದಿನಾ ಬೆಳಗ್ಗೆ ಹತ್ತುವ ಮುಂಚೆ ಮ್ಯಾಟು ಸರಿಸಿ, ಕೋಲಿನ ತುದಿಯಿಂದ ಕಾರಿನ ನೆಲಕ್ಕೆ ಮೂರು ಸಲ ಜೋರಾಗಿ ಕುಟ್ಟುತ್ತಾಳೆ. ಸರಿಯಾಗಿದೆ ಅಂತ ನಾನು ಹೇಳಿದರೆ ಅವಳು ನಂಬುವುದಿಲ್ಲ. ಠಣ್ ಅನ್ನುವವರೆಗೆ ನಾನು ಬಾಗಿಲು ಹಿಡಿದುಕೊಂಡು ನಿಂತಿರುತ್ತೇನೆ.