ಮಾಸ್ಟ್ರ ಹಲ್ಲು, ಅಮೆರಿಕದ ಮಸೂದೆ

ಆ ಶುಕ್ರವಾರ ಗಲ್ಫಿನ ಮನಾಮಾ ನಗರದ ಅದ್ಲಿಯಾದ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದವರು ಅಮ್ಮ, ನಾನು ಮತ್ತು ಕೆಳಮಹಡಿಯ ನಿವೃತ್ತ ಅಮೆರಿಕನ್ ಮಾಸ್ಟ್ರು. ದವಡೆ ಹಲ್ಲು ಒಂದೂ ಉಳಿಯದ ಅವರು ಗರಿಗರಿಯಾದ ಕೋರಿರೊಟ್ಟಿಯನ್ನು ಕೋಳಿಸಾರಿನಲ್ಲಿ ಮುಳುಗಿಸಿ, ಮೆತ್ತಗಾಗುವವರೆಗೆ ಕೈಕಟ್ಟಿ ಕಾಯುತ್ತಿದ್ದರು. ಅವರ ದೇಶದಲ್ಲಿ ವೃದ್ಧರ ಸರ್ಕಾರಿ ಆರೋಗ್ಯ ವಿಮೆಗೆ ಹಲ್ಲಿನ ಚಿಕಿತ್ಸೆಯನ್ನೂ ಸೇರಿಸುವ ಮಸೂದೆಯೊಂದಿತ್ತು.

"ಅದು ಪಾಸಾಗಲಿ, ಊರಿಗೆ ಹೋಗಿ ಹಲ್ಲು ಕಟ್ಟಿಸಿಕೊಳ್ಳುತ್ತೇನೆ," ಎಂದು ಇಂಗ್ಲಿಷಿನಲ್ಲಿ ತಮ್ಮ ಎಂದಿನ ಮಾತನ್ನೇ ಹೇಳಿದರು.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

"ಕಾನೂನು ಮಾಡುವವರಿಗೆಲ್ಲ ಹಲ್ಲುಂಟಲ್ಲ ಮಾರಾಯ, ಅವರಿಗೆಂಥ ಅರ್ಜೆಂಟು?" ಎಂದರು ಅಮ್ಮ.

ಅರ್ಥ ತಿಳಿದಾಗ ಮಾಸ್ಟ್ರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಮಸೂದೆ ಮತಕ್ಕೇ ಬರಲಿಲ್ಲ. ರಂಜಾನ್ ಮುಗಿದ ಮೇಲೆ ಮನಾಮಾದಲ್ಲೇ ಹಲ್ಲು ಕಟ್ಟಿಸಿಕೊಂಡ ಮಾಸ್ಟ್ರು, ತಮ್ಮ ಮನೆಗೂ ಹೋಗದೆ ನೇರ ಮೇಲೆ ಬಂದು, ಅಮ್ಮನೆದುರು ನಿಂತು ಬಾಯಿ ತೆರೆದು ತೋರಿಸಿದರು.